ಗಡ್ಡದ ಅಪ್ಪನೂ ಎರಡು ಜಡೆಯ ಗುಂಡನೂ ಶಿವಾಜಿನಗರಕ್ಕೆ ಹೋಗಿ ಬಂದದ್ದು

ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಹೋಗಿ ಬಂದದ್ದನ್ನೂ ಪ್ರವಾಸ ಅಂತ ಬರೆಯುತ್ತಾನಲ್ಲ ಈ ಪುಣ್ಯಾತ್ಮ ಎಂದು ನೀವು ನಗಬಹುದು. ನಗಿ, ನನ್ನದೇನೂ ಅಭ್ಯಂತರವಿಲ್ಲ. ಹೋಗುವ ದಾರಿ ಬರುವ ದಾರಿ ಎರಡೂ ಸೇರಿ ಇಪ್ಪತ್ತೈದು ಕಿಲೋಮೀಟರ್ ಇದ್ದರೆ ಹೆಚ್ಚು. ಆದರೆ ಎರಡು ವರ್ಷದ ಮಗನನ್ನು ಅವನ ಅಮ್ಮನಿಲ್ಲದೆ ಮೊದಲ ಸಲ ಹೊರಗೆ ಕರೆದುಕೊಂಡು ಹೋದ ಯಾವ ಗಂಡಸನ್ನಾದರೂ ಕೇಳಿ ನೋಡಿ, ಕಾಶಿಯೇ ಹತ್ತಿರ ಅನ್ನುತ್ತಾನೆ.

ತೊಂಬತ್ತರ ದಶಕದ ಒಂದು ಡಿಸೆಂಬರ್. ನಾವು ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿದ್ದೆವು. ಹೆಂಡತಿ ಶೈಲಾಗೆ ಎಂಟು ತಿಂಗಳು ತುಂಬಿತ್ತು. ಮೊದಲ ಹೆರಿಗೆ ತವರಿನಲ್ಲಿ ಆಗಿದ್ದರಿಂದ ಎರಡನೆಯದು ಗಂಡನ ಮನೆಯ ಪಾಲು. ಅದಕ್ಕೆಂದೇ ನನ್ನಮ್ಮ ಮೂರನೇ ತಿಂಗಳಿಗೇ ಚಿಂತಾಮಣಿಯಿಂದ ಬಂದಿದ್ದರು. ಈ ಸಲವೂ ಆಪರೇಷನ್ನೇ ಮಾಡಬೇಕು, ಒಂದು ವಾರವಾದರೂ ಆಸ್ಪತ್ರೆಯಲ್ಲಿ ಇರಬೇಕು, ಚಿಕ್ಕ ಮಕ್ಕಳನ್ನು ವಾರ್ಡಿಗೆ ಬಿಡುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಬಾಣಂತಿಯ ಜೊತೆ ಅಮ್ಮ ಇರುತ್ತಾರೆ. ಮನೆಯಲ್ಲಿ ಮಗ ಗುಂಡನ ಜೊತೆ ನಾನು. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಒಂದೇ ತೊಡಕೆಂದರೆ, ಗುಂಡ ನನ್ನ ಹತ್ತಿರ ಬರುತ್ತಿರಲಿಲ್ಲ.

ತಪ್ಪು ನನ್ನದಲ್ಲ, ನನ್ನ ಗಡ್ಡದ್ದು. ಹೆಂಡತಿ ಬಸುರಿಯಾಗಿರುವಾಗ ಗಂಡನಾದವನು ಕ್ಷೌರ ಮಾಡಿಸಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಮೊದಲ ಸಲ ಅಮ್ಮ ಊರಿನಲ್ಲಿದ್ದರು, ನನ್ನ ಗಲ್ಲ ನೋಡುವವರು ಯಾರೂ ಇರಲಿಲ್ಲ. ಈ ಸಲ ಬಂದವರೇ ನನ್ನ ರೇಜರನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ತಾಯಿ ಬಸುರಿಯಾಗಿದ್ದರೆ ಮಗುವಿನ ಜವಳವನ್ನೂ ತೆಗೆಸುವಂತಿಲ್ಲ. ಹೀಗಾಗಿ ಗುಂಡನ ಹುಟ್ಟುಗೂದಲು ಹಾಗೇ ಉಳಿದು, ಕಣ್ಣಿಗೆ ಬೀಳುತ್ತದೆಂದು ಶೈಲಾ ಅದನ್ನು ಎರಡು ಜಡೆ ಮಾಡಿ ರಿಬ್ಬನ್ ಕಟ್ಟುತ್ತಿದ್ದಳು. ಅಪ್ಪ ಕಾಡುಮನುಷ್ಯ, ಮಗ ಮಹಾಲಕ್ಷ್ಮಿ! ಗಡ್ಡ ಎದೆಯ ಕಡೆಗೆ ಇಳಿಯತೊಡಗಿದ ಮೇಲೆ ಗುಂಡ ನನ್ನನ್ನು ಕಂಡರೆ ಸಾಕು, "ಗುಮ್ಮ!" ಎಂದು ಕಿರುಚಿ ಅಮ್ಮನ ಸೆರಗಿಗೆ ನುಗ್ಗುತ್ತಿದ್ದ. ನಾನು ಕೊಟ್ಟರೆ ನೀರೂ ಕುಡಿಯುತ್ತಿರಲಿಲ್ಲ.

"ಒಂದ್ ದಿನ ಕರ್ಕೊಂಡು ಹೋಗಿ ನೋಡ್ರೀ," ಎಂದಳು ಶೈಲಾ. "ನಾನಿಲ್ದೆ ಒಂದು ದಿನ ಇರ್ತಾನೆ ಅಂತ ಗೊತ್ತಾದ್ರೆ ಸಾಕು, ನಾನು ಧೈರ್ಯವಾಗಿ ಟೇಬಲ್ ಮೇಲೆ ಮಲಗ್ತೀನಿ. ಇಲ್ದಿದ್ರೆ ನನ್ನ ಜೀವ ಎಲ್ಲಾ ಇಲ್ಲೇ ಇರತ್ತೆ." ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಹುಟ್ಟುವ ಮಗುವಿಗೆ ಹಾಸುವ ರಬ್ಬರ್ ಶೀಟು ಬೇಕಿತ್ತು. ಶಿವಾಜಿನಗರದ ಬೇಕರಿಯ ದಿಲ್‌ಪಸಂದ್ ತಿನ್ನಬೇಕೆಂದು ಅವಳಿಗೆ ಬಯಕೆಯೂ ಆಗಿತ್ತು. ಭಾನುವಾರ ಹೊರಟೆವು.

ಹೊರಟೆವು ಅನ್ನುವುದು ಮರ್ಯಾದೆಯ ಮಾತು. ಗುಂಡನನ್ನು ಹೊತ್ತೊಯ್ದೆ ಅನ್ನಬೇಕು. ಅವನು ಕಾಲು ಝಾಡಿಸುತ್ತಿದ್ದ, ನನ್ನ ಕನ್ನಡಕ ಕಿತ್ತೆಸೆದ. ಶೈಲಾ ಅಡುಗೆಮನೆಯಿಂದ ಈಚೆಗೆ ಬರಲೇ ಇಲ್ಲ. ಬಂದಿದ್ದರೆ ಪ್ರವಾಸ ಅಂಗಳದಲ್ಲೇ ಮುಗಿಯುತ್ತಿತ್ತು. ಮಂಜು ಇನ್ನೂ ಕರಗಿರಲಿಲ್ಲ. ಸ್ಟೇಷನ್ನಿನ ಟಿಕೆಟ್ ಕೌಂಟರಿನವನು ನನ್ನ ಮುಖ ನೋಡಿ ಕೈ ಮುಗಿದ. "ಸ್ವಾಮಿ ಶರಣಂ! ಯಾವಾಗ ಹೊರಡೋದು ಮಲೆಗೆ?" ಕಪ್ಪು ಪಂಚೆ ಎಲ್ಲಪ್ಪಾ ಇದೆ, ನಾನು ಹಾಕಿರೋದು ಪ್ಯಾಂಟು ಅಂತ ಜಗಳ ಆಡುವಷ್ಟು ಪುರುಸೊತ್ತು ನನಗಿರಲಿಲ್ಲ. ಕಂಟೋನ್ಮೆಂಟಿಗೆ ಒಂದು ಟಿಕೆಟ್ ತೆಗೆದುಕೊಂಡೆ. ಎರಡೋ ಮೂರೋ ರೂಪಾಯಿ, ಗುಂಡನಿಗೆ ಪುಕ್ಕಟೆ.

ಬಂಗಾರಪೇಟೆ ಕಡೆಯಿಂದ ಬಂದ ಪ್ಯಾಸೆಂಜರ್ ಗಾಡಿ ಕಿಕ್ಕಿರಿದಿತ್ತು. ಬಾಗಿಲ ಹತ್ತಿರ ಮಾಲೂರಿನ ಸೊಪ್ಪಿನ ಹೆಂಗಸರು ಬುಟ್ಟಿಗಳ ನಡುವೆ ಕೂತಿದ್ದರು. ಗಾಡಿ ಬೆನ್ನಿಗಾನಹಳ್ಳಿ ಕೆರೆಯ ಪಕ್ಕ ಬಂತು. ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. "ನೋಡೋ ಗುಂಡ, ಹಕ್ಕಿ!" ಎಂದೆ. ಗುಂಡ ಹಕ್ಕಿಯನ್ನು ಬಿಟ್ಟು ನನ್ನನ್ನು ನೋಡಿದ. ಅಷ್ಟೇ ಸಾಕಾಯಿತು. "ಅಮ್ಮಾ ಬೇಕೂ!" ಎಂದು ಡಬ್ಬಿ ಹಾರಿಹೋಗುವ ಹಾಗೆ ಅಳತೊಡಗಿದ.

ಎಲ್ಲರೂ ಇತ್ತ ತಿರುಗಿದರು. ಸೊಪ್ಪಿನ ಹೆಂಗಸರಲ್ಲಿ ದೊಡ್ಡವಳು, ಹಣೆಯ ತುಂಬ ಕುಂಕುಮದವಳು, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಯಾಕಪ್ಪಾ ಹಂಗ್ ಅಳ್ತೈತೆ ಮಗು? ಅದ್ರ ತಾಯಿ ಎಲ್ಲಿ?"

"ಮನೇಲಿದ್ದಾಳಮ್ಮ."

"ಹೆಸ್ರೇನು ಮಗಳ್ದು?"

"ಮಗಳಲ್ಲ, ಮಗ. ಗುಂಡ ಅಂತ."

"ಎರಡ್ ಜಡೆ ಹಾಕ್ಕೊಂಡಿರೋ ಗುಂಡನ್ನ ನಾನ್ ಎಲ್ಲೂ ನೋಡಿಲ್ಲಪ್ಪೋ!" ಎಂದಳು ಆಕೆ. ಡಬ್ಬಿಯಲ್ಲಿ ಯಾರೂ ನಗಲಿಲ್ಲ. ಕಿಟಕಿ ಪಕ್ಕದ ಖಾಕಿ ಅಂಗಿಯವನು ಎದ್ದು ನಿಂತು ಬಾಗಿಲಿಗೆ ಅಡ್ಡವಾದ. ಮಕ್ಕಳ ಕಳ್ಳರು ತಿರುಗಾಡುತ್ತಿದ್ದಾರೆಂದು ಆಗಾಗ ಗುಲ್ಲೇಳುತ್ತಿದ್ದ ಕಾಲ ಅದು. ಹೆಂಗಸು ಗುಂಡನ ಗಲ್ಲ ಹಿಡಿದು, "ಅಳ್ಬೇಡ ಕಂದ. ಇವ್ರು ಯಾರು ಹೇಳು?" ಎಂದು ಕೇಳಿದಳು.

ಗುಂಡ ಬೆರಳು ತೋರಿಸಿ ಸ್ಪಷ್ಟವಾಗಿ ಹೇಳಿದ. "ಗುಮ್ಮ!"

ಮುಗಿಯಿತು ನನ್ನ ಕಥೆ ಅಂದುಕೊಂಡೆ. "ಮುಂದಿನ ಸ್ಟೇಷನ್ನಲ್ಲಿ ಇಳಿಸಿ ಪೊಲೀಸ್ರಿಗೆ ಕೊಡಾಣ," ಎಂದ ಖಾಕಿಯವನು. ನನಗೆ ಸಿಟ್ಟು ಬೇಗ ಬರುತ್ತದೆ, ಬಂದರೆ ಮಾತು ತೊದಲುತ್ತದೆ. "ರೀ, ನಾನು, ನಾನು ಇವನಪ್ಪ ಕಣ್ರೀ!" ಎಂದು ಅರಚಿದೆ. ಅರಚಿದ ಮೇಲೆ ಇನ್ನಷ್ಟು ಕಳ್ಳನಂತೆ ಕಂಡಿರಬೇಕು. ಬೈಯಪ್ಪನಹಳ್ಳಿ ಬಂತು, ಗಾಡಿ ನಿಂತಿತು. ಖಾಕಿಯವನು ನನ್ನ ತೋಳಿಗೆ ಕೈ ಹಾಕಿದ.

ಆಗ ಆ ಹೆಂಗಸು ನನ್ನ ಗಡ್ಡ ನೋಡಿದಳು, ಹೆಗಲಿಗೆ ಬಿದ್ದ ಕೂದಲು ನೋಡಿದಳು, ಗುಂಡನ ಜಡೆ ನೋಡಿದಳು. ಮತ್ತೊಮ್ಮೆ ನನ್ನ ಕಡೆ ತಿರುಗಿದಳು. ಮುಖ ಅರಳಿತು.

"ಹೆಂಡ್ತಿ ಬಸುರಿ ಏನಪ್ಪಾ?"

"ಹೌದು ತಾಯೀ!" ನನಗೆ ಅಳುವೇ ಬಂತು.

"ಎಷ್ಟ್ ತಿಂಗ್ಳು?"

"ಎಂಟು ತುಂಬಿದೆ."

"ಬಿಡ್ರಣ್ಣಾ ಅವ್ರನ್ನ! ಬಸುರಿ ಗಂಡ ಕಣ್ರೋ, ಕಳ್ಳನೂ ಅಲ್ಲ ಸುಳ್ಳನೂ ಅಲ್ಲ. ಮಗೀಗೂ ಜವಳ ತೆಗ್ಸಿಲ್ಲ, ನೋಡಿ!" ಡಬ್ಬಿಗೆ ಡಬ್ಬಿಯೇ ನಕ್ಕಿತು. ಖಾಕಿಯವನು ಹಿಡಿದಿದ್ದ ತೋಳನ್ನೇ ತಟ್ಟಿ ತನ್ನ ಜಾಗ ಬಿಟ್ಟುಕೊಟ್ಟ. ಯಾರೋ ಸೀಬೆಹಣ್ಣು ಕೊಟ್ಟರು. "ಈ ಸಲ ಹೆಣ್ಣಾಗ್ಲಿ, ಜಡೆ ರೂಢಿ ಆಗೈತೆ," ಎಂದು ಒಬ್ಬಳು ಹರಸಿದಳು. ನನ್ನ ಗಡ್ಡವನ್ನು ಅಷ್ಟು ಜನ ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು. ಗುಂಡ ಮಾತ್ರ ಆ ಹೆಂಗಸಿನ ಮಡಿಲಲ್ಲಿ ಕೂತು ಸೀಬೆಹಣ್ಣು ಕಚ್ಚುತ್ತ ನನಗೆ ಬೆನ್ನು ಹಾಕಿದ್ದ. ಕಂಟೋನ್ಮೆಂಟಿನಲ್ಲಿ ಅವಳ ಮಡಿಲಿನಿಂದ ಕೀಳುವಾಗ ಮತ್ತೆ ಅದೇ ರಾಗ, ಅದೇ ತಾಳ.

ಸ್ಟೇಷನ್ ಎದುರು ನಿಂತು ವಾಪಸ್ ಹೋಗಿಬಿಡೋಣವೇ ಎಂದು ನಿಜವಾಗಿಯೂ ಯೋಚಿಸಿದೆ. ಸೋತೆ ಕಣೇ ಅಂತ ಶೈಲಾಗೆ ಹೇಳಿಬಿಟ್ಟರೆ ಆಯಿತು. ಆದರೆ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂತವಳ ಮುಂದೆ ಹೋಗಿ ಆ ಮಾತು ಹೇಳುವುದು ಹೇಗೆ? ಆಟೋ ಹತ್ತಿದೆ.

ಶಿವಾಜಿನಗರದಲ್ಲಿ ಇಳಿಯುವಷ್ಟರಲ್ಲಿ ಬಿಸಿಲು ಬಂದಿತ್ತು. ಮಾರ್ಕೆಟ್ಟಿನ ಸುತ್ತ ಹೂವು, ಮೀನು, ಸುಟ್ಟ ಕಬಾಬು, ಎಲ್ಲದರ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯಿತು. ರಬ್ಬರ್ ಶೀಟಿನ ಅಂಗಡಿಯವನು ನನ್ನ ಮುಖ ನೋಡಿದ್ದೇ, "ಸಲಾಂ ಭಾಯ್, ಆವೋ ಆವೋ, ಬೈಠೋ!" ಎಂದು ಸ್ಟೂಲ್ ಎಳೆದ. ನಾನು ಕನ್ನಡದಲ್ಲಿ ಉತ್ತರ ಕೊಟ್ಟಾಗ ಹೊಟ್ಟೆ ಹಿಡಿದು ನಕ್ಕ. "ಸಾರಿ ಸಾರ್! ಆದ್ರೂ ಗಡ್ಡ ಫಸ್ಟ್ ಕ್ಲಾಸ್ ಐತೆ, ತೆಗೀಬೇಡಿ." ಬೆಳಿಗ್ಗೆ ಸ್ವಾಮಿ, ದಾರಿಯಲ್ಲಿ ಕಳ್ಳ, ಈಗ ಭಾಯ್. ಶೀಟು ಸುತ್ತಿಸಿಕೊಂಡು ಹೊರಟಾಗ ಗುಂಡ ಅಳುವುದನ್ನು ನಿಲ್ಲಿಸಿದ್ದ. ಬಾಯಿ ತೆರೆದುಕೊಂಡು ಅತ್ತಿತ್ತ ನೋಡುತ್ತಿದ್ದ. ನಾನೂ ನೋಡಿದೆ. ಎಲ್ಲಿ ನೋಡಿದರೂ ಗಡ್ಡ! ಬಿಳಿ ಗಡ್ಡ, ಕರಿ ಗಡ್ಡ, ಮೆಹಂದಿ ಹಚ್ಚಿದ ಕೆಂಪು ಗಡ್ಡ. ಎಷ್ಟಕ್ಕೆಂದು ಹೆದರುತ್ತಾನೆ ಪಾಪ?

ಬೇಕರಿಗೆ ಹೋಗುವ ಗಲ್ಲಿಯಲ್ಲಿ ಒಂದು ಮನೆಯ ಬಾಗಿಲಿಗೆ ಹೋತವನ್ನು ಕಟ್ಟಿದ್ದರು. ಚಳಿಗೆಂದು ಅದಕ್ಕೆ ಹಳೆಯ ಸ್ವೆಟರ್ ತೊಡಿಸಿದ್ದರು. ಸ್ವೆಟರಿನ ಕತ್ತಿನಿಂದ ಉದ್ದನೆಯ ಗಡ್ಡ ಇಳಿಬಿದ್ದಿತ್ತು. ಮೆಟ್ಟಿಲ ಮೇಲೆ ಕೆಂಪು ಗಡ್ಡದ ಮುದುಕರೊಬ್ಬರು ಚಹಾ ಕುಡಿಯುತ್ತ ಕೂತಿದ್ದರು. ಗುಂಡ ನನ್ನ ಕಂಕುಳಿನಿಂದ ಜಾರಿ ಇಳಿದವನೇ ನಿಂತಲ್ಲೇ ಕುಣಿದ. "ಮ್ಯಾ! ಮ್ಯಾ!"

"ಬಾ ಬೇಟಾ, ಏನೂ ಮಾಡಲ್ಲ," ಎಂದು ಮುದುಕರು ಕೈಗೆ ಒಂದಿಷ್ಟು ಸೊಪ್ಪು ಕೊಟ್ಟರು. ಹೋತ ಸೊಪ್ಪು ತಿಂದಿತು. ಗುಂಡ ಮೆಲ್ಲಗೆ ಅದರ ಗಡ್ಡ ಮುಟ್ಟಿದ, ಹೋತ ಸುಮ್ಮನಿತ್ತು. ಹಿಡಿದು ಎಳೆದ, ಆಗಲೂ ಸುಮ್ಮನಿತ್ತು. ಮುದುಕರು ನಗುತ್ತ, "ಇದ್ಕೂ ದಾಡಿ, ನನಗೂ ದಾಡಿ, ನಿಮ್ಮಪ್ಪಂಗೂ ದಾಡಿ!" ಎಂದು ತಮ್ಮ ಗಡ್ಡವನ್ನೇ ಮುಂದೆ ಚಾಚಿದರು. ಗುಂಡ ಅದನ್ನೂ ಮುಟ್ಟಿದ. ಆಮೇಲೆ ತಿರುಗಿ ನನ್ನನ್ನು ನೋಡಿದ.

ನಾನು ಕುಕ್ಕರಗಾಲಿನಲ್ಲಿ ಕೂತೆ. ಅವನು ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದ. ಸೊಪ್ಪು ಮೆತ್ತಿದ ಕೈಯಿಂದ ನನ್ನ ಗಡ್ಡ ಹಿಡಿದ. ಎಳೆದ. ಅಯ್ಯೋ, ಕಣ್ಣಲ್ಲಿ ನೀರು ಬರುವ ಹಾಗೆ ಎಳೆದ! ಎಳೆದು ಕೇಕೆ ಹಾಕಿದ.

"ಅಪ್ಪ ಮ್ಯಾ!"

ಅಪ್ಪ ಅಂದ! ಎಷ್ಟು ದಿನವಾಗಿತ್ತು ಆ ಮಾತು ಕೇಳಿ! ನಾನು ಕಾರ್ಖಾನೆಯ ಫೋರ್‌ಮನ್, ಕೈ ಕೆಳಗೆ ಹತ್ತಾರು ಜನ ಇದ್ದವನು, ಶಿವಾಜಿನಗರದ ಗಲ್ಲಿಯಲ್ಲಿ ನಾಲ್ಕೂ ಕಾಲಿನ ಮೇಲೆ ನಿಂತು "ಮ್ಯಾಽಽಽ" ಎಂದೆ. ಗುಂಡ ಬಿದ್ದೂ ಬಿದ್ದೂ ನಕ್ಕ. ಇನ್ನೊಮ್ಮೆ ಎಂದ, ಇನ್ನೊಮ್ಮೆ ಮ್ಯಾ ಎಂದೆ. ಮುದುಕರು ಚಹಾ ಚೆಲ್ಲಿಕೊಂಡರು. ಕಿಟಕಿಯಿಂದ ಹೆಂಗಸರು ಇಣುಕಿದರು. ಮಾನ ಹೋದರೆ ಹೋಗಲಿ, ಮಗ ಬಂದನಲ್ಲ!

ಆಮೇಲಿನ ಪ್ರವಾಸ ಹೂ ಎತ್ತಿದ ಹಾಗೆ ಸಾಗಿತು. ಹೋಟೆಲಿನಲ್ಲಿ ಮೊಸರನ್ನ ಹೇಳಿದೆ. ನನ್ನ ಕೈಯಿಂದಲೇ ತಿಂದ, ನನ್ನ ಗಡ್ಡಕ್ಕೂ ತಿನ್ನಿಸಿದ. ದಿಲ್‌ಪಸಂದ್ ಕಟ್ಟಿಸಿಕೊಂಡು ಕೆ.ಆರ್. ಪುರದ ಬಸ್ಸು ಹತ್ತಿದೆವು. ಹಲಸೂರು ಕೆರೆ ಕಂಡಾಗ "ನೀಲು, ನೀಲು" ಎಂದು ಕಿಟಕಿಗೆ ಹಣೆ ಒತ್ತಿ ಕೂಗಿದ. ಇಂದಿರಾನಗರ ದಾಟುವಷ್ಟರಲ್ಲಿ ನನ್ನ ಎದೆಯ ಮೇಲೆ ಬಾಯಿ ತೆರೆದು ನಿದ್ದೆ ಹೋದ. ಜೊಲ್ಲಿನಿಂದ ಅಂಗಿ ಒದ್ದೆಯಾಯಿತು. ನಾನು ಅಲ್ಲಾಡಲಿಲ್ಲ. ಪಕ್ಕದಲ್ಲಿ ನೇತಾಡುತ್ತಿದ್ದ ಕಾಲೇಜು ಹುಡುಗನೊಬ್ಬ ಬಗ್ಗಿ, "ಯಾಕ್ ಗುರು, ಲವ್ ಫೇಲ್ಯೂರಾ?" ಎಂದು ಪಿಸುಗುಟ್ಟಿದ.

"ಇಲ್ಲಪ್ಪ, ಸಕ್ಸಸ್ಸು. ಎರಡ್ನೇ ಸಲ," ಎಂದೆ.

ರೈಲ್ವೆ ಗೇಟು ಹಾಕಿತ್ತು. ಅಲ್ಲೇ ಇಳಿದು, ಎಚ್ಚರವಾದ ಗುಂಡನನ್ನು ಹೆಗಲ ಮೇಲೆ ಕೂರಿಸಿಕೊಂಡು, ಗೂಡ್ಸ್ ಗಾಡಿ ಹೋಗುವವರೆಗೂ ನೋಡಿ, ಮನೆಗೆ ನಡೆದೆವು. ಹೊತ್ತು ಮುಳುಗುವುದರಲ್ಲಿತ್ತು. ಶೈಲಾ ಗೇಟಿನ ಹತ್ತಿರ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಪಕ್ಕದಲ್ಲಿ ಅಮ್ಮ. "ಬೆಳಿಗ್ಗೆಯಿಂದ ಒಂದ್ ತುತ್ತು ತಿಂದಿಲ್ಲ ಕಣೋ ಇವಳು. ರಸ್ತೆ ನೋಡಿದ್ದೇ ನೋಡಿದ್ದು," ಎಂದರು ಅಮ್ಮ.

ಗುಂಡ ಹೆಗಲ ಮೇಲಿಂದಲೇ, "ಅಮ್ಮಾ, ಅಪ್ಪ ಮ್ಯಾ!" ಎಂದು ನನ್ನ ಗಡ್ಡ ಎಳೆದು ತೋರಿಸಿದ. ಶೈಲಾ ಕೈ ಚಾಚಿದಳು. ಅವನು ನನ್ನ ತಲೆಯನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡ. ಚಾಚಿದ ಕೈ ಹಾಗೇ ನಿಂತಿತು.

"ನನ್ನ ಕೇಳಿದ್ನಾ?" ಎಂದಳು.

ಅವಳಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ರೈಲಲ್ಲಿ ತುಂಬಾ ಕೇಳ್ದ. ಮಧ್ಯಾಹ್ನದ ಮೇಲೆ ಕೇಳ್ಲಿಲ್ಲ."

"ಒಂದ್ಸಲಾನೂ ಇಲ್ವಾ?"

"ಇಲ್ಲ."

ಅವಳು ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿ ಹರಿಯಿತು. ಅಮ್ಮ ಗದರಿದರು. "ಇದೇನೇ ಹುಡ್ಗೀ, ನಿಂಗೆ ಬೇಕಾಗಿದ್ದೂ ಅದೇ ಅಲ್ವಾ?"

"ಹೌದತ್ತೆ, ಅದೇ ಬೇಕಾಗಿತ್ತು," ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದಳು.

ಗುಂಡನ ಕೈಕಾಲು ತೊಳೆಸಿ, ಬಟ್ಟೆ ಬದಲಿಸಿ ನಾನು ಕೋಣೆಗೆ ಹೋದಾಗ ಅವಳು ಮಂಚದ ಮೇಲೆ ಕೂತು ಆಸ್ಪತ್ರೆಯ ಚೀಲ ತುಂಬುತ್ತಿದ್ದಳು. ಎರಡು ಹಳೆಯ ಸೀರೆ, ಟವೆಲ್ಲು, ಬಾಚಣಿಗೆ. ಎಲ್ಲದರ ಮೇಲೆ ಗುಂಡ ಆಗತಾನೇ ಬಿಚ್ಚಿದ ಅಂಗಿಯನ್ನು ಮಡಿಸಿ ಇಟ್ಟಳು. ಧೂಳು, ಮೊಸರನ್ನ, ಹೋತದ ನಾತ ಎಲ್ಲವೂ ಅದರಲ್ಲಿತ್ತು.

"ಒಗೀದೆ ಇರೋದನ್ನ ಯಾಕೆ ತಗೊಂಡ್ ಹೋಗ್ತೀಯೇ?" ಎಂದೆ.

"ಅವನು ನಾನಿಲ್ದೆ ಇರ್ತಾನೆ," ಎಂದಳು ಶೈಲಾ, ಚೀಲದ ಬಾಯಿ ಕಟ್ಟುತ್ತ. "ನಾನೂ ಅವನಿಲ್ದೆ ಇರ್ಬೇಕಲ್ರೀ."