ಎಕ್ಸ್‌ರೇ ಕೋಣೆಯ ಎದುರುಗೋಡೆಗೆ ಒಂದು ಚಿತ್ರ

ನಮ್ಮ ಪಕ್ಕದ ಮನೆಯವರಿಗೆ ಉಸಿರಪ್ಪ ಎಂಬ ಹೆಸರು ತಂದೆತಾಯಿ ಇಟ್ಟದ್ದಲ್ಲ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ "ಉಸಿರು ಬಿಗಿಹಿಡೀರಿ, ಅಲ್ಲಾಡಬೇಡಿ" ಎಂದು ಹೇಳಿ ಹೇಳಿ ಸಂಪಾದಿಸಿದ್ದು. ಬೀದಿಯಲ್ಲಿ ಯಾರಾದರೂ ಹಾಗೆ ಕರೆದರೆ ಬೇಸರವಿಲ್ಲದೆ ಓಗೊಡುತ್ತಿದ್ದರು.

ಆ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು. ಎದುರಿಗೆ ಬೋಳು ಗೋಡೆ. ಅದರ ಮೇಲೆ ವಿಕಿರಣದ ಎಚ್ಚರಿಕೆಯ ಹಳದಿ ಫಲಕ ಒಂದೇ. ನೋವಿನಲ್ಲಿ ಕುಳಿತವರು ಅದನ್ನೇ ನೋಡುತ್ತ ಇನ್ನಷ್ಟು ಹೆದರುವುದನ್ನು ಉಸಿರಪ್ಪನವರು ಬಾಗಿಲ ಸಂದಿಯಿಂದ ದಿನವೂ ಕಾಣುತ್ತಿದ್ದರು. ಅವರ ನಿವೃತ್ತಿಗೆ ಒಂದು ತಿಂಗಳಿರುವಾಗ ಹಿರಿಯ ಡಾಕ್ಟರಮ್ಮ ಕರೆದು, "ನೀವು ಫೋಟೋ ತೆಗೀತೀರಂತಲ್ಲ. ಈ ಗೋಡೆಗೊಂದು ದೊಡ್ಡದು ಮಾಡಿಕೊಡಿ. ನೀವು ಹೋಗೋ ದಿನದೊಳಗೆ ಸರಿಯಾದ್ದು ಬರದಿದ್ದರೆ ಅಂಗಡಿಯಿಂದ ತರಿಸಿ ಹಾಕ್ತೀನಿ" ಎಂದರು. ಆ ಗೋಡೆಗೆ ಬೇರೆಯವರ ಚಿತ್ರ ಬರುವುದೆಂದರೆ ಉಸಿರಪ್ಪನವರಿಗೆ ತಮ್ಮ ಮನೆಯ ಬಾಗಿಲಿಗೆ ಬೇರೆಯವರ ಹೆಸರು ಬರೆದಂತೆ.

ಬೆಳಗಿನ ಹೊತ್ತು ಕೆರೆಯ ಕಡೆ ಹೋಗಿ ಫೋಟೋ ತೆಗೆಯುವುದು ಅವರ ಹುಚ್ಚು. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಒಂದೇ ನೋಟವನ್ನು ಮೂರು ಸಲ ಹಿಡಿಯುತ್ತಿದ್ದರು: ಆಕಾಶ ತೀರಾ ಬೆಳ್ಳಗಾಗದಂತೆ ಒಂದು ಮಂಕಾಗಿ, ಒಂದು ಹದವಾಗಿ, ನೆರಳಿನೊಳಗಿನದು ಕಾಣುವಂತೆ ಒಂದು ಬೆಳಕಾಗಿ. ಮೂರನ್ನೂ ಕಂಪ್ಯೂಟರಿನಲ್ಲಿ ಬೆಸೆಯುವ ಈ ವಿದ್ಯೆಗೆ ಎಚ್‌ಡಿಆರ್ ಎಂದು ಹೆಸರು. ಬೆಸೆದ ಮೇಲೆ ಪರದೆಯ ಮೇಲಿನ ಬೆಳಕು, ಬಣ್ಣ, ನೆರಳುಗಳ ಗುಂಡಿಗಳನ್ನು ಬಲಕ್ಕೆ ಜರುಗಿಸಿದಷ್ಟೂ ಕಪ್ಪೆಲ್ಲ ಬಯಲಾಗುತ್ತದೆ. ಉಸಿರಪ್ಪನವರು ಎಲ್ಲವನ್ನೂ ಕೊನೆಯವರೆಗೆ ಜರುಗಿಸುತ್ತಿದ್ದರು.

ಹಾಗೆ ತಯಾರಾದ ಮೊದಲ ಚಿತ್ರದಲ್ಲಿ ಕೆರೆಯಂಚಿನ ದೊಡ್ಡ ಮರ ನಟ್ಟನಡುವೆ ನಿಂತಿತ್ತು. ಒಂದು ರೆಂಬೆಯೂ ಚೌಕಟ್ಟಿನಿಂದ ಆಚೆಗಿಲ್ಲ. ಬುಡದ ಬೇರು, ಪೊಟರೆಯ ಒಳಗು, ನೀರಿನಡಿಯ ಕಲ್ಲು, ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಅವರ ಹೆಂಡತಿ ಹೊಲಿಗೆ ಕೆಲಸದವರು. ಬಣ್ಣದ ವಿಷಯದಲ್ಲಿ ದಾಕ್ಷಿಣ್ಯವಿಲ್ಲ.

"ರೀ, ಈ ಹಸಿರು ಯಾವ ಎಲೇಲಿದೆ? ಈ ಬಣ್ಣದ ಬಟ್ಟೆ ತಂದುಕೊಟ್ಟರೆ, ಒಂದೇ ಒಗೆತಕ್ಕೆ ಬಿಡುತ್ತೆ ಅಂತ ವಾಪಸ್ ಕಳಿಸ್ತೀನಿ ನಾನು."

"ಸೂಜಿಗೆ ದಾರ ಪೋಣಿಸೋದು ಬಿಟ್ಟು ನಿನಗೇನು ಗೊತ್ತು?" ಎಂದು ಅವರು ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು.

ಆಸ್ಪತ್ರೆಯಲ್ಲಿ ಅದನ್ನು ಗೋಡೆಗೆ ಒರಗಿಸಿಟ್ಟರು. ಬೆಂಚಿನ ಮೇಲೆ ಮುಂಗೈ ಮುರಿದುಕೊಂಡ ಅಜ್ಜಿಯೊಬ್ಬರು ಕುಳಿತಿದ್ದರು. ಸ್ವಲ್ಪ ಹೊತ್ತು ನೋಡಿ ಮಗ್ಗುಲು ತಿರುಗಿ ಕುಳಿತರು.

"ಚೆನ್ನಾಗಿಲ್ವಾ ಅಜ್ಜಿ?"

"ಚೆನ್ನಾಗಿದೆ ಮಗಾ. ಕಣ್ಣು ಕುಕ್ಕುತ್ತೆ ಅಷ್ಟೆ. ಎಲ್ಲಿ ನೋಡಬೇಕು ಅಂತಾನೇ ತಿಳಿಯಲ್ಲ."

ಅಲ್ಲೇ ಇದ್ದ ಡಾಕ್ಟರಮ್ಮ ಕ್ಯಾಲೆಂಡರಿನ ಕಡೆ ಬೆರಳು ತೋರಿಸಿ ಹೋದರು. ಹತ್ತು ದಿನ ಉಳಿದಿತ್ತು.

ಅಂದು ಸಂಜೆ ನಾನು ಉಸಿರಪ್ಪನವರ ಮನೆಗೆ ಹೋದಾಗ ಅವರ ಮುಖ ಹರಳೆಣ್ಣೆ ಕುಡಿದಂತಿತ್ತು. ಚಿತ್ರ ಮೇಜಿನ ಮೇಲಿತ್ತು. ಈ ಮರ ಯಾಕೆ ಯಾವಾಗಲೂ ನಡುವೆಯೇ ನಿಲ್ಲುತ್ತದೆ ಎಂದು ಸುಮ್ಮನೆ ಕೇಳಿದೆ.

"ಮತ್ತಿನ್ನೆಲ್ಲಿ ನಿಲ್ಲಬೇಕು ಮೇಷ್ಟ್ರೇ? ಎದೆಗೂಡು ಪಕ್ಕಕ್ಕೆ ಹೋದರೆ ಇನ್ನೊಂದು ಸಲ ತೆಗಿ ಅಂತಾರೆ. ಅಂಚಲ್ಲಿ ಏನೂ ಕತ್ತರಿಸಿ ಹೋಗಬಾರದು, ಕಪ್ಪಲ್ಲಿ ಏನೂ ಅಡಗಿರಬಾರದು. ಅಡಗಿದ್ದರೆ ರೋಗಿ ಗತಿ ಏನು?"

ಮೂಲೆಯಲ್ಲಿ ಹೊಲಿಗೆಯಂತ್ರ ನಿಂತಿತು. "ಇವರು ಮರಕ್ಕೆ ಎಕ್ಸ್‌ರೇ ತೆಗೆದಿದ್ದಾರೆ ಮೇಷ್ಟ್ರೇ" ಎಂದು ಅವರ ಹೆಂಡತಿ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಉಸಿರಪ್ಪನವರು ಮಾತ್ರ ನಗಲಿಲ್ಲ. ಬಹಳ ಹೊತ್ತು ಚಿತ್ರವನ್ನು ನೋಡಿ, "ಹೌದಲ್ಲೇ" ಎಂದರು. ಆಮೇಲೆ ಮೆಲ್ಲಗೆ, "ಆದರೆ ಕೊಂಬೆ ಕತ್ತರಿಸೋಕೆ ಕೈ ಬರಲ್ಲ ಕಣೇ."

"ಕತ್ತರಿ ಹಾಕದೆ ಯಾವ ಅಂಗಿ ಆಗಿದೆ?"

ಮರುದಿನದಿಂದ ಅವರು ಮತ್ತೆ ಕೆರೆಗೆ ಹೊರಟರು. ಗಾಳಿ ಬೀಸಿದರೆ ಮೂರು ಫೋಟೋಗಳಲ್ಲಿ ಒಂದೇ ಎಲೆ ಮೂರು ಕಡೆ ಇರುತ್ತದೆ; ಬೆಸೆದಾಗ ಎಲೆಗೊಂದು ದೆವ್ವ ಅಂಟಿಕೊಂಡಂತೆ ಕಾಣುತ್ತದೆ. ಐದು ಬೆಳಗು ಗಾಳಿ ಬಿಡಲಿಲ್ಲ. ಆರನೆಯ ಬೆಳಗು ನೀರು ಕದಲದೆ ನಿಂತಿತು. ಮರವನ್ನು ಬಲದಂಚಿಗೆ ಸರಿಸಿ, ಅರ್ಧ ಕೊಂಬೆಗಳನ್ನು ಚೌಕಟ್ಟಿನಿಂದಾಚೆಗೆ ಬಿಟ್ಟರು. ಉಳಿದ ಜಾಗವನ್ನೆಲ್ಲ ನೀರಿಗೂ ಅದರ ಮೇಲಿನ ಮಂಜಿಗೂ ಕೊಟ್ಟರು.

ಸಂಜೆ ಕಂಪ್ಯೂಟರಿನ ಮುಂದೆ ಕುಳಿತಾಗ ಹಳೆಯ ಕೈ ಸುಮ್ಮನಿರಲಿಲ್ಲ. ನೆರಳಿನ ಗುಂಡಿ ಬಲಕ್ಕೆ ಹೊರಟಿತು; ಬುಡದ ಕತ್ತಲಿನಿಂದ ಬೇರುಗಳು ಒಂದೊಂದಾಗಿ ಮೂಡತೊಡಗಿದವು. ಬೆನ್ನ ಹಿಂದೆ ನಿಂತಿದ್ದ ಹೆಂಡತಿ, "ಉಸಿರು ಬಿಗಿಹಿಡೀರಿ, ಅಲ್ಲಾಡಬೇಡಿ" ಎಂದರು. ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಉಸಿರಪ್ಪನವರೇ ಗುಂಡಿಯನ್ನು ಎಡಕ್ಕೆ ತಂದರು. ಹಸಿರನ್ನೂ ಇಳಿಸಿದರು. ದಡದಲ್ಲಿ ನಿಂತಾಗ ತಮ್ಮ ಕಣ್ಣಿಗೆ ಕಂಡಿದ್ದಷ್ಟೇ ಉಳಿಯಿತು.

ಕೆಲಸದ ಕೊನೆಯ ದಿನ ಬೆಳಿಗ್ಗೆ ಡಾಕ್ಟರಮ್ಮ ಚಿತ್ರದ ಮುಂದೆ ನಿಂತರು. "ಮರದ ಕೆಳಗೆ ಆ ಕತ್ತಲಲ್ಲಿ ಏನಿದೆ?" ಎಂದು ಕೇಳಿದರು.

"ಗೊತ್ತು ಡಾಕ್ಟರಮ್ಮ. ಹೇಳಲ್ಲ."

ಡಾಕ್ಟರಮ್ಮ ಮೊಳೆ ಹೊಡೆಯುವವನನ್ನು ಕರೆದರು.

ಮಧ್ಯಾಹ್ನ ಕೊನೆಯ ಸರದಿ, ಸೊಂಟ ಹಿಡಿದುಕೊಂಡ ಮೂಟೆ ಹೊರುವವನೊಬ್ಬನದು. ಉಸಿರಪ್ಪನವರು ಬಾಗಿಲಲ್ಲಿ ನಿಂತು ಎರಡು ಸಲ ಕೂಗಿದರು. ಅವನು ಚಿತ್ರ ನೋಡುತ್ತ ಕುಳಿತಿದ್ದ, ಕೇಳಿಸಿರಲಿಲ್ಲ. ಇಷ್ಟು ವರ್ಷಗಳಲ್ಲಿ ಎಂದೂ ಕೂರದ ಆ ಬೆಂಚಿನ ಮೇಲೆ ಅವರು ಅವನ ಪಕ್ಕದಲ್ಲಿ ಕುಳಿತರು.

ಆಮೇಲೆ ಅವನಿಗೆ ಎಚ್ಚರವಾಯಿತು. "ಕೂಗಿದ್ರಾ ಅಣ್ಣ?"

"ಇಲ್ಲ ಇಲ್ಲ, ಕೂತ್ಕೊಳ್ಳಿ. ಅವಸರ ಏನಿಲ್ಲ."