ಜಿಡ್ಡಿನ ಗುರುವಾರ ಗೇನ್ಯಾಳ ಅಂಗಡಿಯಲ್ಲಿ

ಗೇನ್ಯಾ ನಮ್ಮ ಮೇಲಿನ ಮನೆಯವಳು. ಪೂರ್ತಿ ಹೆಸರು ಗೆನೊವೆಫಾ, ಆದರೆ ಹಾಗೆ ಕರೆಯುವುದು ಪಾದ್ರಿಗಳು ಮಾತ್ರ. ನೂಲಿನ ಗಿರಣಿಯಲ್ಲಿ ನಾವಿಬ್ಬರೂ ಅಕ್ಕಪಕ್ಕದ ಯಂತ್ರಕ್ಕೆ ನಿಂತವರು. ಆ ಗದ್ದಲದಲ್ಲಿ ತುಟಿ ನೋಡಿಯೇ ಮಾತು ತಿಳಿಯಬೇಕಿತ್ತು. ಈಗಲೂ ಚರ್ಚಿನಲ್ಲಿ ಹಾಗೇ ಹರಟುತ್ತೇವೆ, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ.

ಗಿರಣಿ ಮುಚ್ಚಿದಾಗ ನನಗೆ ಗಂಡನಿದ್ದ. ಅವಳಿಗೆ ಇದ್ದದ್ದು ಹಾಸಿಗೆ ಹಿಡಿದ ತಾಯಿ ಒಬ್ಬಳೇ. ಊರ ಶಾಲೆಯ ಮೆಟ್ಟಿಲ ಕೆಳಗೆ ಪೊರಕೆ ಇಡುತ್ತಿದ್ದ ಗೂಡೊಂದಿತ್ತು. ಅದನ್ನು ಕೇಳಿ ಪಡೆದು, ಸುಣ್ಣ ಬಳಿದು, ತಿಂಡಿ ಅಂಗಡಿ ಇಟ್ಟಳು. ಹತ್ತೊಂಬತ್ತು ವರ್ಷ ಅಲ್ಲೇ ನಿಂತಳು. ಸಿಹಿ ಬನ್ನು, ಚಿಪ್ಸು, ಬಣ್ಣದ ಪಾನಕ ಮಾರಿದಳು. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗು ಯಾವುದು ಅಂತ ಮುಖ ನೋಡಿಯೇ ಹೇಳುತ್ತಿದ್ದಳು. ಮಧ್ಯಾಹ್ನ ಒಮ್ಮೆ ಓಡಿಬಂದು ತಾಯಿಗೆ ಉಣಿಸಿ ಹೋಗುತ್ತಿದ್ದಳು. ಶಾಲೆ ನಮ್ಮ ಬೀದಿಯ ಕೊನೆಗೇ ಇತ್ತು.

ಆಮೇಲೆ ಒಂದು ಸೆಪ್ಟೆಂಬರಿನಲ್ಲಿ ಕಾನೂನು ಬಂತು. ಶಾಲೆಯೊಳಗೆ ಚಿಪ್ಸ್ ಮಾರಬಾರದು, ಸಕ್ಕರೆ ನೀರು ಮಾರಬಾರದು, ಕರಿದದ್ದು ಬೇಡ, ಸಿಹಿ ಬನ್ನೂ ಬೇಡ. ತಪ್ಪು ಕಾನೂನು ಅಂತ ಗೇನ್ಯಾ ಒಂದು ದಿನವೂ ಅನ್ನಲಿಲ್ಲ. ಮಕ್ಕಳ ಹುಳುಕು ಹಲ್ಲನ್ನು ಅವಳಷ್ಟು ಹತ್ತಿರದಿಂದ ನೋಡಿದವರು ಯಾರು? ಸೇಬು ತಂದಿಟ್ಟಳು, ಕ್ಯಾರೆಟ್ ಸೀಳಿಟ್ಟಳು. ಮಕ್ಕಳು ಗೇಟು ದಾಟಿ ಎದುರಿನ ದೊಡ್ಡ ಅಂಗಡಿಗೆ ಓಡಿದರು. ಚಳಿ ಶುರುವಾದಾಗ ಬೀಟ್‌ರೂಟ್ ಸಾರು ಕಾಯಿಸಿ ದೊಡ್ಡ ಪಾತ್ರೆಯಲ್ಲಿ ಇಟ್ಟಳು.

"ಇದು ಮನೇಲೇ ಇರುತ್ತಲ್ಲ ಆಂಟಿ," ಅಂತ ಆರನೇ ಕ್ಲಾಸಿನ ಮಲ್ವಿನಾ ಮೂಗು ಮುರಿದಳಂತೆ. ಬಾಯಿಗೆ ಬಂದದ್ದನ್ನು ಹಾಗೇ ಅಂದುಬಿಡುವ ಹುಡುಗಿ.

ಜನವರಿಯಲ್ಲಿ ಹೆಡ್‌ಮಾಸ್ತರರು ಕರೆದು, "ನಿಮ್ಮ ಹತ್ರ ಯಾರೂ ಬರ್ತಾ ಇಲ್ಲ. ಫೆಬ್ರವರಿ ಕೊನೆಗೂ ಹೀಗೇ ಇದ್ರೆ ಗೂಡು ಬಿಟ್ಟುಕೊಡಿ," ಅಂದರು. ಐವತ್ತೆಂಟರ ಹೆಂಗಸಿಗೆ ನಮ್ಮೂರಲ್ಲಿ ಇನ್ನಾವ ಕೆಲಸ? ಜರ್ಮನಿಯಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಒಂದೇ. ಏಜೆನ್ಸಿಗೆ ಹೆಸರು ಕೊಟ್ಟಳು. ಮಾರ್ಚ್ ಒಂದಕ್ಕೆ ಬಸ್ಸು.

"ಫೆಲಾ, ಅವ್ವನಿಗೆ ನೀನು ಉಣಿಸು," ಅಂದಳು. "ನಾನು ಇನ್ನೊಬ್ಬಳ ಅವ್ವನಿಗೆ ಉಣಿಸೋಕೆ ಹೋಗ್ತೀನಿ."

"ಆಯ್ತು ಕಣೆ," ಅಂದೆ. ಆ ಮುದುಕಿ ಮಗಳ ಕೈತುತ್ತಿಗೆ ಬಿಟ್ಟರೆ ಬೇರೆಯವರ ತುತ್ತಿಗೆ ಬಾಯಿ ತೆರೆಯುವವಳಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಜಿಡ್ಡಿನ ಗುರುವಾರ ಬಂತು. ಮುಂದಿನ ಬುಧವಾರದಿಂದ ಉಪವಾಸದ ದಿನಗಳು, ಅದಕ್ಕೆ ಮೊದಲು ಹೊಟ್ಟೆ ತುಂಬ ಪೊಂಚ್ಕಿ ತಿನ್ನಲೇಬೇಕು. ಒಳಗೆ ಗುಲಾಬಿ ಮುರಬ್ಬ ತುಂಬಿ ಹಂದಿಕೊಬ್ಬಿನಲ್ಲಿ ಕರಿದ ಉಂಡೆ ಅದು. ತಿನ್ನದಿದ್ದರೆ ವರ್ಷವಿಡೀ ಕೈಗೆ ಏನೂ ಹತ್ತುವುದಿಲ್ಲ ಅನ್ನುತ್ತಾರೆ. ಬೆಳಗಿನ ಐದಕ್ಕೆ ಮೇಲಿನ ಮನೆಯಿಂದ ಕರಿದ ವಾಸನೆ ಇಳಿಯಿತು. ಪ್ರತಿವರ್ಷದ ಹಾಗೆ ಏಪ್ರನ್ ಕಟ್ಟಿಕೊಂಡು ಹತ್ತಿಹೋದೆ. ಅವಳು ಕರಿದಳು, ನಾನು ಮುರಬ್ಬ ತುಂಬಿದೆ. ಎಂಬತ್ತು ಪೊಂಚ್ಕಿ. ಬುಟ್ಟಿಯ ಒಂದೊಂದು ಹಿಡಿ ಹಿಡಿದು ಹಿಮದಲ್ಲಿ ಜಾರುತ್ತಾ, ನಗುತ್ತಾ ಶಾಲೆಗೆ ಹೊರಟೆವು. ಕಾನೂನಿನ ನೆನಪು ಇಬ್ಬರಲ್ಲಿ ಒಬ್ಬರಿಗಾದರೂ ಬಂತೇ? ಇಲ್ಲ.

ಮೆಟ್ಟಿಲ ಬಳಿ ಆಗಲೇ ಮಕ್ಕಳು ಸಾಲು ನಿಂತಿದ್ದರು. ಸಾಲಿನ ಪಕ್ಕದಲ್ಲಿ ಫೈಲು ಹಿಡಿದ ಒಬ್ಬ ಹೆಂಗಸು. ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್.

ಗೇನ್ಯಾಳ ಮುಖ ಹಿಟ್ಟಿಗಿಂತ ಬಿಳಿಯಾಯಿತು. ಬುಟ್ಟಿ ನೆಲಕ್ಕಿಳಿಯಿತು.

"ಇದು ಮಾರೋಕಾ?" ಅಂದರು ಆಕೆ.

ಇಲ್ಲ ಅನ್ನು, ಸ್ಟಾಫ್‌ರೂಮಿಗೆ ಅನ್ನು ಅಂತ ನಾನು ತುಟಿ ಆಡಿಸಿದೆ. ನೋಡಿಯೂ ನೋಡದವಳ ಹಾಗೆ ಗೇನ್ಯಾ ಹೇಳಿದಳು: "ಮಾರೋಕೇ ತಂದಿದ್ದು ಮೇಡಂ. ಮರೆತುಬಿಟ್ಟೆ."

"ಮರೆತ್ರಾ? ಐದು ತಿಂಗಳಿಂದ ಇಡೀ ದೇಶ ಇದನ್ನೇ ಮಾತಾಡ್ತಾ ಇದೆ!"

"ಇಬ್ರೂ ಮರೆತ್ವಿ ಮೇಡಂ," ಅಂದೆ ನಾನು. "ಈ ದಿನ ಬಂದ್ರೆ ಕೈ ತಾನೇ ಹಿಟ್ಟಿಗೆ ಹೋಗುತ್ತೆ."

ಆಕೆ ನಮ್ಮ ಕೂದಲಲ್ಲಿದ್ದ ಹಿಟ್ಟು ನೋಡಿದರು. ಮುಚ್ಚಿದ್ದ ಅಂಗಡಿ ಬಾಗಿಲು ನೋಡಿದರು.

"ಅಂಗಡಿ ಇನ್ನೂ ತೆಗೆದಿಲ್ಲ, ಒಂದೂ ಮಾರಿಲ್ಲ. ಒಳಗೆ ಏನಿದೆಯೋ ಅದನ್ನ ನಾನು ಬರೀತೀನಿ. ಇದು ಈಗಲೇ ಗೇಟಿನ ಆಚೆ ಹೋಗ್ಲಿ."

ನಾನು ಬುಟ್ಟಿ ಎಳೆದುಕೊಂಡು ತಿರುಗಿದೆ. ಸಾಲಿನಲ್ಲಿ ಗೋಳು ಎದ್ದಿತು. "ಆಂಟಿ, ನಮ್ ಪೊಂಚ್ಕಿ!"

"ಎರಡು ಗಂಟೆಗೆ ಶಾಲೆ ಬಿಟ್ಟ ಮೇಲೆ ಗೇಟಿನ ಆಚೆ ಬನ್ನಿ," ಅಂದಳು ಗೇನ್ಯಾ. "ಕಾಸು ಬೇಡ, ಸುಮ್ನೆ ಕೊಡ್ತೀನಿ."

"ಎರಡರ ತನಕ ಹೊಟ್ಟೆಗೆ?" ಮಲ್ವಿನಾ ಬಿಡಲಿಲ್ಲ.

"ಸಾರು ಇದೆ," ಅಂದು ಗೇನ್ಯಾ ಅಂಗಡಿ ಬಾಗಿಲು ತೆಗೆದಳು.

ನಾನು ಬುಟ್ಟಿಯನ್ನು ಮನೆಯಲ್ಲಿಟ್ಟು ಬರುವ ಹೊತ್ತಿಗೆ ಇನ್ಸ್‌ಪೆಕ್ಟರಮ್ಮ ಸಾರಿಗೆ ಸಕ್ಕರೆ ಹಾಕಿದ್ದೀರಾ, ಉಪ್ಪೆಷ್ಟು ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ನೆನೆದ ಬೂಟಿನಲ್ಲಿ ನಡುಗುತ್ತಿದ್ದ ಆಕೆ ಒಂದು ಲೋಟ ಕುಡಿದರು. ಖಾಲಿ ಲೋಟವನ್ನು ಮತ್ತೆ ಮುಂದೆ ಹಿಡಿದರು. ಸಾಲಿನಲ್ಲಿದ್ದ ಮಕ್ಕಳೆಲ್ಲ ನೋಡುತ್ತಿದ್ದರು. ಮೊದಲು ಮಲ್ವಿನಾ ತೆಗೆದುಕೊಂಡಳು. ಎರಡನೇ ಬಿಡುವಿಗೆ ಪಾತ್ರೆಯ ತಳ ಕಂಡಿತ್ತು.

ಎರಡು ಗಂಟೆಗೆ ಎಂಬತ್ತೂ ಪೊಂಚ್ಕಿ ಹಂಚಿದೆವು. ಆದರೆ ಗೇನ್ಯಾಳಿಗೆ ಹೆದರಿಕೆ ಇದ್ದದ್ದು ಶುಕ್ರವಾರದ್ದು. ಪೊಂಚ್ಕಿ ಇಲ್ಲದ ದಿನ ಯಾರು ಬರುತ್ತಾರೆ?

ಬಂದರು. ಎಲ್ಲರೂ ಅಲ್ಲ, ಇಪ್ಪತ್ತು ಮಕ್ಕಳು. "ಮೆಣಸು ಜಾಸ್ತಿ ಹಾಕಿ ಆಂಟಿ, ನಮ್ಮಜ್ಜಿ ಸಾರಿಗಿಂತ ಸಪ್ಪೆ," ಅಂದಳಂತೆ ಮಲ್ವಿನಾ. ಸೋಮವಾರ ಮೆಣಸು ಬಿತ್ತು, ಮೂವತ್ತಾದರು. ತಿಂಗಳ ಕೊನೆಯ ಹೊತ್ತಿಗೆ ಎರಡು ಪಾತ್ರೆ ಇಡಬೇಕಾಯಿತು. ಹೆಡ್‌ಮಾಸ್ತರರು ತಾವೇ ಲೋಟ ಹಿಡಿದು ಬಂದು, "ಗೂಡು ನಿಮ್ಮ ಹತ್ರಾನೇ ಇರಲಿ," ಅಂದರು.

ಅವತ್ತು ಮಧ್ಯಾಹ್ನ ತಾಯಿಗೆ ಉಣಿಸಿ, ಬಾಯಿ ಒರೆಸಿ, ಗೇನ್ಯಾ ಏಜೆನ್ಸಿಗೆ ಫೋನ್ ಮಾಡಿ, ತಾನು ಬರುವುದಿಲ್ಲ ಅಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಆಚೆ ಕಡೆಯ ಹೆಂಗಸಿನ ದನಿ ನನ್ನವರೆಗೂ ಕೇಳುವಷ್ಟು ಜೋರಾಗಿತ್ತು.

"ಬೈದಳೇನೆ?" ಅಂದೆ.

"ಚೆನ್ನಾಗಿ ಬೈದಳು." ಗೇನ್ಯಾ ಕುರ್ಚಿಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿಕೊಂಡಳು. "ಎಷ್ಟು ಹಿತವಾಗಿತ್ತು ಗೊತ್ತಾ ಕೇಳೋಕೆ."