ಎರಡಕ್ಕೆ ಎರಡು ಕೂಡಿಸಿದ ಟೀಚರು

ಕಾಕ್ಸ್‌ಟೌನಿನ ನಮ್ಮ ಕೆಳಮನೆಯಲ್ಲಿದ್ದ ಇಂಗ್ಲಿಷ್ ಟೀಚರು ಮಾತುಮಾತಿಗೂ 'ಪುಟ್ ಟೂ ಅಂಡ್ ಟೂ ಟುಗೆದರ್' ಎನ್ನುತ್ತಿದ್ದರು. ಮಕ್ಕಳ ಕೂಡುವ ಲೆಕ್ಕದಿಂದ ಹುಟ್ಟಿದ ಮಾತಂತೆ. ಕಂಡದ್ದನ್ನು ಕೂಡಿಸಿದರೆ ಕಾಣದ್ದು ತಾನೇ ತಿಳಿಯುತ್ತದೆ ಎಂದರ್ಥ.

ಧಾರವಾಡದಿಂದ ಬಂದ ವಾರದಲ್ಲೇ ನಮ್ಮಜ್ಜಿ ಒಂದು ಬೆಳಿಗ್ಗೆ ಕಾಣೆಯಾದರು. ದೇವಸ್ಥಾನದಲ್ಲೂ ಇರಲಿಲ್ಲ. ಅಮ್ಮ ಅಳತೊಡಗಿದರು. ಟೀಚರು ಕನ್ನಡಕ ಹಣೆಗೇರಿಸಿ ನಮ್ಮ ಬಾಗಿಲಲ್ಲಿ ನಿಂತರು.

"ಚಪ್ಪಲಿ ಇಲ್ಲೇ ಬಿಟ್ಟಿದಾರೆ. ಗಿಡದಲ್ಲಿ ಒಂದು ಹೂವೂ ಇಲ್ಲ. ಬೆಳಿಗ್ಗೆ ಗಂಟೆ ಎಲ್ಲಿ ಹೊಡೀತು, ಹೇಳಿ?"

"ಚರ್ಚಲ್ಲಿ," ಎಂದೆ.

"ಮತ್ತೆ ಕೂಡಿಸ್ರೀ," ಎನ್ನುತ್ತಲೇ ಸೀರೆಯ ನೆರಿಗೆ ಎತ್ತಿ ಹಿಡಿದು ನಮಗಿಂತ ಮುಂದೆ ಓಡಿದರು.

ಚರ್ಚಿನೊಳಗೆ ಅಜ್ಜಿ ಮೇರಿಯಮ್ಮನ ಮೂರ್ತಿಯ ಮುಂದೆ ದಾಸವಾಳ ಇಟ್ಟು ಕೈಮುಗಿದು ಕೂತಿದ್ದರು. ಏದುಸಿರು ಬಿಡುತ್ತಿದ್ದ ನಮ್ಮನ್ನು ನೋಡಿ, "ಸುಮ್ನ ಕೂಡ್ರಿ, ಪೂಜಿ ನಡದೈತಿ," ಎಂದರು.

ಟೀಚರು ನಗು ತಡೆಯಲಾರದೆ ಅವರ ಪಕ್ಕ ಕೂತೇಬಿಟ್ಟರು.